ಕಂಪ್ಯೂಟರ್ ಭಾವ

ಮನೆತನದಲ್ಲಿ ಡಾಕ್ಟರು, ಲಾಯರು ಇಲ್ಲದಿದ್ದರೂ ಹೇಗೋ ನಡೆದುಹೋಗುತ್ತದೆ. ಕಂಪ್ಯೂಟರ್ ಭಾವ ಮಾತ್ರ ಒಬ್ಬ ಇದ್ದೇ ಇರುತ್ತಾನೆ. ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನಲ್ಲಿ. ಆದರೂ ಗೃಹಪ್ರವೇಶದ ಊಟ ಮುಗಿಸಿ ಅವನು ಕೈ ತೊಳೆಯುವಷ್ಟರಲ್ಲಿ ಬಾಮೈದ ಪಕ್ಕದಲ್ಲಿ ನಿಂತಿರುತ್ತಾನೆ.

“ಭಾವ, ಮಗಳ ಲ್ಯಾಪ್‌ಟಾಪು ತುಂಬಾ ಸ್ಲೋ ಆಗ್ಬಿಟ್ಟಿದೆ. ಹೊಸದೇ ತಗೊಳ್ಳೋಣ ಅಂತಿದೀವಿ.”

‘ಹೊಸದು’ ಎಂದದ್ದೇ ತಡ, ಭಾವನ ಹುಬ್ಬು ಗಂಟಿಕ್ಕುತ್ತದೆ. “ಏನಾಗಿದೆ ಅದಕ್ಕೆ? ರ‍್ಯಾಮ್ ಹಾಕಿದ್ರೆ ಇನ್ನೂ ಐದು ವರ್ಷ ಓಡುತ್ತೆ. ಯಾವ ಮಾಡಲ್ಲು?”

“ಕಪ್ಪಗಿದೆ ಭಾವ.”

“ಎಷ್ಟು ಜಿಬಿ?”

“ಐನೂರು.”

ಐನೂರು ಎಂಬುದು ಹಾರ್ಡ್‌ಡಿಸ್ಕಿನ ಲೆಕ್ಕ, ತಾನು ಕೇಳಿದ್ದು ರ‍್ಯಾಮ್ ಎಂದು ವಿವರಿಸುವ ಹೊತ್ತಿಗೆ ಬಾಮೈದ ಬೀಡಾ ತಟ್ಟೆಯ ಕಡೆ ಹೊರಟಿರುತ್ತಾನೆ. ಭಾವನಿಗೆ ಬೇಸರವೇನೂ ಇಲ್ಲ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಇರುವುದರಿಂದಲೇ ತನ್ನ ಸ್ಥಾನ ಭದ್ರ ಎಂಬುದು ಅವನಿಗೆ ಗೊತ್ತು.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸರಿಯಾಗಿ ಭಾವ ಹಾಜರು. ಕೈಯಲ್ಲಿ ಹಳೆಯ ಜ್ಯಾಮಿಟ್ರಿ ಬಾಕ್ಸು. ಅದರಲ್ಲಿ ಕೈವಾರ, ಕೋನಮಾಪಕದ ಬದಲು ಪುಟ್ಟ ಸ್ಕ್ರೂಡ್ರೈವರ್‌ಗಳು, ಜೊತೆಗೊಂದು ಬಿಳಿ ರಬ್ಬರು. ರ‍್ಯಾಮಿನ ಹಳದಿ ಹಲ್ಲುಗಳಿಗೆ ಕೊಳೆ ಕೂತು ಲ್ಯಾಪ್‌ಟಾಪ್ ಬೀಪ್ ಬೀಪ್ ಎಂದು ಅರಚುತ್ತಿದ್ದರೆ ಈ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಸರಿಮಾಡುತ್ತಾನೆ. ರಿಪೇರಿ ಅಂಗಡಿಯವರು ಒಳಗಡೆ ಮಾಡುವುದೂ ಎಷ್ಟೋ ಸಲ ಇಷ್ಟೇ. ಹೊರಗೆ ಬಂದು ‘ಬೋರ್ಡ್ ಸರ್ವಿಸ್’ ಎಂದು ಬಿಲ್ಲು ಕೊಡುತ್ತಾರೆ ಎಂಬುದು ಭಾವನ ಆರೋಪ.

ಬಾಮೈದ ಅಷ್ಟರಲ್ಲಿ ತಾನೇ ಮುಂದಾಗಿ ಆನ್‌ಲೈನ್‌ನಲ್ಲಿ ಒಂದು ರ‍್ಯಾಮ್ ತರಿಸಿಬಿಟ್ಟಿದ್ದಾನೆ. ಪೊಟ್ಟಣ ಬಿಚ್ಚಿದರೆ ಹದಿಮೂರು ಸೆಂಟಿಮೀಟರ್‌ಗೂ ಉದ್ದ! ಅದು ಡೆಸ್ಕ್‌ಟಾಪಿನದು. ಲ್ಯಾಪ್‌ಟಾಪಿನ ‘ಸೋ-ಡಿಮ್’ ಏಳು ಸೆಂಟಿಮೀಟರ್ ಕೂಡ ಇರುವುದಿಲ್ಲ.

“ಡಿಡಿಆರ್3 ಅಂತ ನೋಡೇ ತರಿಸಿದ್ದು ಭಾವ.”

“ಡಿಡಿಆರ್3 ಹೌದಪ್ಪ. ಮುರಿದು ಎರಡೂ ಸ್ಲಾಟ್‌ಗೆ ಒಂದೊಂದು ತುಂಡು ಹಾಕ್ಲಾ?”

ಅಲ್ಲಿಂದ ಪಾಠ ಶುರು. ಡಿಡಿಆರ್3 ಸೋ-ಡಿಮ್‌ಗೆ 204 ಪಿನ್ನು, ಡಿಡಿಆರ್4ಕ್ಕೆ 260. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಆ ಮಟ್ಟಿಗೆ ಪರವಾಗಿಲ್ಲ. ತೊಂದರೆ ಇರುವುದು ಕೂತೂ ಕೆಲಸ ಮಾಡದ ಜಾತಿಯಲ್ಲಿ. ಮಾಮೂಲಿ ಡಿಡಿಆರ್3 ಓಡುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ 1.35ರಲ್ಲಿ. ಅಳತೆ, ಪಿನ್ನು, ಕಚ್ಚು ಎಲ್ಲ ಒಂದೇ. ಹಳೆಯ 1.5 ವೋಲ್ಟಿನ ಲ್ಯಾಪ್‌ಟಾಪಿಗೆ ‘ಎಲ್’ ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ. ಆದರೆ 2013ರಲ್ಲಿ ಬಂದ ಇಂಟೆಲ್ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ‘ಎಲ್’ ಇಲ್ಲದ್ದನ್ನು ಹಾಕಿದರೆ ಪರದೆ ಕಪ್ಪಗೇ ಇರುವ ಸಂಭವವೇ ಹೆಚ್ಚು. ಮಗಳ ಲ್ಯಾಪ್‌ಟಾಪು ಅದೇ ಸಂತಾನ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಈ ಒಂದಕ್ಷರದ ಮೇಲೆ ಯುದ್ಧ ನಡೆಯುತ್ತದೆ. ಹುಡುಗ ಡ್ರಾಯರ್ ಎಳೆದು ಒಂದು ಪಟ್ಟಿ ತೆಗೆದು, “ಇದೇ ಸಾರ್, ಎಲ್ಲದಕ್ಕೂ ಆಗುತ್ತೆ” ಎನ್ನುತ್ತಾನೆ. ಭಾವ ಕನ್ನಡಕ ಹಣೆಗೇರಿಸಿ ಚೀಟಿ ಓದುತ್ತಾನೆ. ‘ಪಿಸಿ3-12800ಎಸ್’. “ನಾನು ಕೇಳಿದ್ದು ಪಿಸಿ3ಎಲ್. ‘ಎಲ್’ ಎಲ್ಲಿ ಹೋಯ್ತು?” ಹುಡುಗ ಮರುಮಾತಿಲ್ಲದೆ ಇನ್ನೊಂದು ಡ್ರಾಯರ್ ಎಳೆಯುತ್ತಾನೆ. ಬಾಮೈದನಿಗೆ ಬೇರೆಯೇ ಚಿಂತೆ: “ನಮ್ಮದು 1600 ಅಂದಿದ್ರಿ, ಇದು 12800 ಅಂತಿದೆ. ಜಾಸ್ತಿ ಆಗಲ್ವಾ?” ಭಾವ ಇಂಥ ಪ್ರಶ್ನೆಗೇ ಕಾಯುತ್ತಿದ್ದವನು. ಒಂದು ಸಲಕ್ಕೆ ಎಂಟು ಬೈಟ್‌ನಂತೆ 1600ನ್ನು ಎಂಟರಿಂದ ಗುಣಿಸಿದರೆ 12800. ಎರಡೂ ಒಂದೇ ವೇಗದ ಎರಡು ಹೆಸರು ಎಂದು ಅಂಗಡಿಯಲ್ಲಿದ್ದ ಮಿಕ್ಕ ಗಿರಾಕಿಗಳಿಗೂ ಕೇಳುವಂತೆ ಹೇಳುತ್ತಾನೆ.

ಅವನು ಹೇಳುವುದರಲ್ಲಿ ತಪ್ಪಿಲ್ಲ ಎಂಬುದಕ್ಕೇ ಅವನನ್ನು ಸಹಿಸುವುದು ಕಷ್ಟ. ಹಿಂದೊಮ್ಮೆ ಆಫೀಸಿನ ಸಹೋದ್ಯೋಗಿಯೊಬ್ಬರು ಕೋರ್ 2 ಡ್ಯೂಯೊ ಕಾಲದ ಲ್ಯಾಪ್‌ಟಾಪಿಗೆ ಎಂಟು ಜಿಬಿ ಹಾಕಿಸಹೊರಟಾಗ, ಅದರ ಚಿಪ್‌ಸೆಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ದಕ್ಕುವುದಿಲ್ಲ, ವಿಂಡೋಸ್ ಬೇರೆ 32 ಬಿಟ್‌ನದು, ನಾಲ್ಕರಲ್ಲೂ ಪೂರ್ತಿ ಸಿಗುವುದಿಲ್ಲ ಎಂದು ತಡೆದವನು ಇವನೇ. ದುಡ್ಡು ಉಳಿಯಿತು. ಸಹೋದ್ಯೋಗಿ ಆಮೇಲೆ ಲಿಫ್ಟಿನಲ್ಲಿ ಇವನನ್ನು ಕಂಡರೆ ಮೆಟ್ಟಿಲು ಹತ್ತುತ್ತಿದ್ದರು.

ಮನೆಗೆ ಬಂದು ಬ್ಯಾಟರಿ ಕಳಚಿ, ಸ್ಕ್ರೂಗಳನ್ನು ಚಟ್ನಿಪುಡಿ ಡಬ್ಬಿಯ ಮುಚ್ಚಳದಲ್ಲಿ ಇಟ್ಟು, ರ‍್ಯಾಮನ್ನು ಓರೆಯಾಗಿ ತೂರಿಸಿ ಕೆಳಗೊತ್ತುತ್ತಾನೆ. ಎರಡು ಕಡೆಯ ಕ್ಲಿಪ್ಪು ‘ಟಕ್’ ಎನ್ನುತ್ತದೆ. ನಾಲ್ಕಿದ್ದದ್ದು ಎಂಟಾಯಿತು. ಮನೆಮಂದಿ ಸುತ್ತ ನಿಂತು ನೋಡುತ್ತಾರೆ. ಲ್ಯಾಪ್‌ಟಾಪು ಶುರುವಾಗುತ್ತದೆ, ಮೊದಲಿನಷ್ಟೇ ನಿಧಾನವಾಗಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಸಾಲನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದ ಭಾವನನ್ನು ಬಾಮೈದನ ಮಗಳು ಕೇಳುತ್ತಾಳೆ: “ಮಾವ, ಪಕ್ಕದಲ್ಲಿ ಡಿಸ್ಕ್ ಅಂತ ನೂರರಲ್ಲೇ ನಿಂತಿದೆಯಲ್ಲ, ಅದೇನು?”

ಅದು ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕು. ರೋಗ ಮೊದಲಿನಿಂದಲೂ ಅಲ್ಲೇ ಇತ್ತು. ಎಸ್‌ಎಸ್‌ಡಿ ಒಂದನ್ನು ಮೊದಲು ಹಾಕಿದ್ದರೆ ಮನೆಯವರಿಗೆ ವ್ಯತ್ಯಾಸ ಕಾಣುತ್ತಿತ್ತು. ಭಾವ ಒಂದು ಗುಟುಕು ಕಾಫಿ ಕುಡಿದು, “ಅದು ಸೆಕೆಂಡ್ ಫೇಸ್. ಮುಂದಿನ ಭಾನುವಾರ” ಎನ್ನುತ್ತಾನೆ.

ಅವನ ಉತ್ಸಾಹಕ್ಕೆ ನಿಜವಾಗಿ ಪೆಟ್ಟು ಕೊಡುವುದು ಇಂಥ ಸೋಲಲ್ಲ, ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳು. ಮ್ಯಾಕ್‌ಬುಕ್ ಏರ್‌ನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಈಗ ಎಷ್ಟೋ ಕಂಪನಿಗಳದ್ದೂ ಅದೇ ದಾರಿ. ಬಾಮೈದನ ಮಗ ತನ್ನದನ್ನು ತಂದು ಕೊಟ್ಟಾಗ ಭಾವ ಅದನ್ನು ಮಗುಚಿ, ಸವರಿ, ಬೆಳಕಿಗೆ ಹಿಡಿದು ನೋಡುತ್ತಾನೆ. “ಎಷ್ಟಿದೆ?” “ಎಂಟು ಮಾವ.” “ಹದಿನಾರು ತಗೊಳ್ಳೋಕೆ ಏನ್ ರೋಗ ಬಂದಿತ್ತು ನಿಂಗೆ?”

ಅವನ ಮನೆಯ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ನಂಟರಿಷ್ಟರ ಲ್ಯಾಪ್‌ಟಾಪುಗಳಿಂದ ಕಳಚಿದ ರ‍್ಯಾಮುಗಳೆಲ್ಲ ಅದರಲ್ಲಿವೆ. 2025ರ ಕೊನೆಯಲ್ಲಿ, ಎಐ ಕೇಂದ್ರಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ ಬೆಲೆ ಗಗನಕ್ಕೇರಿದೆ ಎಂದು ಟಿವಿಯಲ್ಲಿ ಕೇಳಿದ ಹೆಂಡತಿ ಡಬ್ಬಿ ಇಳಿಸಿ ತಂದಳು.

“ರೀ, ಇದನ್ನ ಈಗ್ಲೇ ಮಾರ್ಬಿಡಿ.”

“ರೇಟು ಏರಿರೋದು ಡಿಡಿಆರ್4, ಡಿಡಿಆರ್5ಗೆ ಕಣೇ. ಇದೆಲ್ಲ ಡಿಡಿಆರ್2.”

“ಹಾಗಾದ್ರೆ ಬಿಸಾಕಿ.”

“ಬಿಸಾಕೋದಾ? ಯಾರಿಗಾದ್ರೂ ಬೇಕಾಗುತ್ತೆ, ಇಡು.”