ಎಂಟ್ನೂರಕ್ಕೆ ರೆಕ್ಕೆ ಬಂತು

ನಮ್ಮ ಮನೆಯ ಮಾರುತಿ 800 ಅನ್ನು ಸ್ಪೋರ್ಟ್ಸ್ ಕಾರು ಎಂದು ಕರೆಯುವವರು ಇಡೀ ಹೊಳಲ್ಕೆರೆಯಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನನ್ನಿಂದ ಬಾಕಿ ವಸೂಲಿ ಮಾಡಬೇಕಾದ ಮೆಕ್ಯಾನಿಕ್ಕು. ನನ್ನ ಹೆಂಡತಿ ಅದನ್ನು ‘ಎರಡನೇ ಗೃಹಸಾಲ’ ಅನ್ನುತ್ತಾಳೆ. ಮೊದಲನೇ ಸಾಲಕ್ಕೆ ಗೋಡೆಯಾದರೂ ಎದ್ದಿದೆಯಂತೆ.

ಈ ಹುಚ್ಚು ಹತ್ತಿಸಿದ್ದು ಸಿಪಾನಿ ಡಾಲ್ಫಿನ್. ನಮ್ಮ ಸೋದರಮಾವನ ಹತ್ತಿರ ಒಂದಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ, ಎರಡು ಬಾಗಿಲಿನ, ಫೈಬರ್ ಗ್ಲಾಸ್ ಮೈಯ ಪುಟ್ಟ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ನಿನ ಅಚ್ಚು, 848 ಸಿಸಿ ಎಂಜಿನ್. ಮೈ ಹಗುರ, ಹಾಗಾಗಿ ರ್‍ಯಾಲಿಗಿಳಿದವರಿಗೆ ಅದರ ಮೇಲೆ ಪ್ರೀತಿ. ಪೇಟೆಯಲ್ಲಿ ಅದನ್ನು ಮಕಾಡೆ ಮಲಗಿಸಿದ್ದು ಇದೇ ಮಾರುತಿ, ಆ ಮಾತು ಬೇರೆ. ನನ್ನ ಲೆಕ್ಕ ಸರಳವಾಗಿತ್ತು. ಅದು 848, ನಮ್ಮದು 796. ವ್ಯತ್ಯಾಸ 52 ಸಿಸಿ, ಅಂದರೆ ಅರ್ಧ ಲೋಟ ಕಾಫಿ. ಅಷ್ಟನ್ನು ಶ್ರದ್ಧೆಯಿಂದಲೇ ತುಂಬಿಸಬಹುದು.

ಮೊದಲು ತೆಗೆಸಿದ್ದು 12 ಇಂಚಿನ ಚಕ್ರಗಳನ್ನು. 13 ಇಂಚಿನ ಅಲಾಯ್ ಬಂತು, ಅದಕ್ಕೆ ಅಗಲವಾದ ಟೈರು ಬಂತು. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಅಗಲ ಟೈರು ಹಾಕಿದರೆ ಏನಾಗುತ್ತದೆಂದು ನನ್ನ ಭುಜಕ್ಕೆ ಗೊತ್ತು. ರಿವರ್ಸ್ ತೆಗೆದ ದಿನ ರಾತ್ರಿ ಎಣ್ಣೆ ನೀವಿಸಿಕೊಳ್ಳುತ್ತಿದ್ದೆ. 37 ಅಶ್ವಶಕ್ತಿಯ ಆ ಮೂರು ಸಿಲಿಂಡರಿನ ಎಂಜಿನ್ನಿಗೂ ಯಾರಾದರೂ ನೀವಬೇಕಿತ್ತು. ಮೈಲೇಜು ಧೊಪ್ಪನೆ ಇಳಿಯಿತು.

ಆಮೇಲೆ ಕಾರು ನೆಲಕ್ಕೆ ಹತ್ತಿರವಿರಬೇಕೆಂದು ಸ್ಪ್ರಿಂಗು ಕತ್ತರಿಸಿದ್ದಾಯಿತು. ಶಾಸ್ತ್ರಕ್ಕೆ ಬಯಲು ಗಣಪತಿಯ ಮುಂದೆ ಪೂಜೆ ಮಾಡಿಸಿದೆ. ಚಕ್ರದಡಿ ಇಟ್ಟ ನಿಂಬೆಹಣ್ಣು ಹತ್ತಿ ಇಳಿಯುವಷ್ಟರಲ್ಲೇ ಬಂಪರು ನೆಲ ಮುಟ್ಟಿ ನಮಸ್ಕಾರ ಮಾಡಿತು. ಅಂದಿನಿಂದ ಶಿವಮೊಗ್ಗ ರಸ್ತೆಯ ಒಂದೊಂದು ಹಂಪೂ ನನಗೆ ಜೋಗಿಮಟ್ಟಿ ಬೆಟ್ಟ. ಹಂಪು ಬಂದಾಗ ಹೆಂಡತಿ ಕೆಳಗಿಳಿದು ಆಚೆ ಬದಿಯಲ್ಲಿ ಕಾಯುವಳು. ರೇಸ್ ಸೀಟು ಹಾಕಿಸಿದ ಮೇಲೆ ಆ ಇಳಿಯುವುದೂ ಕಷ್ಟವಾಯಿತು. ಅವಳು ಮಲ್ಲಾಡಿಹಳ್ಳಿ ಆಶ್ರಮದಲ್ಲಿ ಯೋಗ ಕಲಿತವಳು. ‘ರಾಘವೇಂದ್ರ ಸ್ವಾಮೀಜಿ ಕಲಿಸಿದ ಆಸನಗಳಲ್ಲಿ ಇದೊಂದು ಇರಲಿಲ್ಲ’ ಎನ್ನುತ್ತಾ ಕಾಲು ಮೊದಲೋ ತಲೆ ಮೊದಲೋ ಎಂದು ಯೋಚಿಸುತ್ತಿದ್ದಳು.

ಸೈಲೆನ್ಸರಿನದು ಇನ್ನೊಂದು ಕತೆ. ಹೊಸದರ ಸದ್ದು ಕೇಳಿದರೆ ಎದೆ ನಡುಗಬೇಕು ಎಂದಿದ್ದ ಮೆಕ್ಯಾನಿಕ್ಕು. ಅಡಿಕೆ ಕೊಯ್ಲಿನ ಕಾಲ. ನಾನು ಬೀದಿಗೆ ತಿರುಗಿದ್ದೇ ತಡ, ಪಕ್ಕದ ಮನೆಯವರು ಹೊರಗೆ ಬಂದು, ‘ಸುಲಿಯೋ ಮಿಷನ್ ಬಂತಾ? ನಮ್ದೂ ನಾಕು ಕ್ವಿಂಟಾಲ್ ಐತೆ’ ಅಂದರು. ಡಿಕ್ಕಿಯ ಮೇಲೆ ರೆಕ್ಕೆ ಕೂರಿಸಿದೆ. ಗಂಟೆಗೆ 60ರಲ್ಲಿ ಹೋಗುವ ಕಾರು ಹಾರಿಹೋಗದಂತೆ ಅದು ಒತ್ತಿ ಹಿಡಿಯುತ್ತದೆ. ಮಗಳು ಅದರ ಮೇಲೆ ಸಾಕ್ಸ್ ಒಣಹಾಕುತ್ತಾಳೆ.

ತೂಕ ಇಳಿಸಲು ಹಿಂದಿನ ಸೀಟನ್ನೂ ಕಿತ್ತೆ. ನಮ್ಮ ಮನೆಯಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ. ಸೀಟು ಪಡಸಾಲೆಯಲ್ಲಿ ಅಮ್ಮನ ಸಿಂಹಾಸನವಾಯಿತು. ಸ್ಪ್ರಿಂಗಿನ ತುಂಡು ಬಿಂದಿಗೆಗೆ ಸಿಂಬಿಯಾಯಿತು. ಹಳೇ ಸೈಲೆನ್ಸರಿಗೆ ಹಿತ್ತಲಲ್ಲಿ ಹಾಗಲಬಳ್ಳಿ ಹಬ್ಬಿತು. 12 ಇಂಚಿನ ಒಂದು ಚಕ್ರದ ಮೇಲೆ ಗ್ಯಾಸ್ ಸಿಲಿಂಡರು ಕೂತಿತು. ಒಟ್ಟಿನಲ್ಲಿ ನಾನು ಹೊಸ ಕಾರು ಕಟ್ಟಿದೆ, ಹೆಂಡತಿ ಹಳೇ ಕಾರಿನಿಂದ ಮನೆ ನಡೆಸಿದಳು. ಯಾವುದು ಸರಿಯಾಗಿ ಓಡುತ್ತಿತ್ತೆಂದು ನೀವೇ ಊಹಿಸಿ.

2019ರಲ್ಲಿ ಗ್ರಹಚಾರ ಬಂತು. ನಮ್ಮದು 2004ರ ಗಾಡಿ, 15 ವರ್ಷ ತುಂಬಿ ನೋಂದಣಿ ನವೀಕರಿಸಬೇಕಿತ್ತು. ಕಂಪನಿ ಮಾಡಿದ ಮೂಲ ವಿವರಗಳನ್ನು ಮೀರಿ ವಾಹನ ಬದಲಾಯಿಸುವಂತಿಲ್ಲ ಎಂದು ಅದೇ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಸೆಪ್ಟೆಂಬರಿನಿಂದ ಹೊಸ ದಂಡವೂ ಜಾರಿಗೆ ಬಂತು: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಬೇಕೆಂದರೆ ಆರು ತಿಂಗಳವರೆಗೆ ಜೈಲು. ಹೆಂಡತಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಮಾಡಿ ಗುಣಿಸಿದಳು. ಮೊತ್ತ ಕಾರಿನ ಬೆಲೆಯನ್ನು ಹಿಂದೆ ಹಾಕಿತು. ಆ ಕಾರು ಸೇರಿದ್ದ ಸ್ಪರ್ಧೆಗಳಲ್ಲೆಲ್ಲ ಅತಿ ವೇಗದ್ದು ಅದೇ ಇರಬೇಕು. ‘ಜೈಲು ಪರವಾಗಿಲ್ಲ, ಆರು ತಿಂಗಳು ಪೆಟ್ರೋಲ್ ಉಳಿಯುತ್ತೆ’ ಎಂದಳು.

ಸರಿ, ಮನೆಯೊಳಗಿಂದ ಕಾರನ್ನು ಹೊರಗೆ ತರುವ ಕೆಲಸ ಶುರುವಾಯಿತು. ಹಾಗಲಬಳ್ಳಿ ಬಿಡಿಸಿ ಸೈಲೆನ್ಸರು ತಂದೆವು. ಸಿಂಬಿಯನ್ನು ಮತ್ತೆ ಸ್ಪ್ರಿಂಗಿಗೆ ಅಂಟಿಸಲಾಗದು, ಹೊಸದನ್ನೇ ಕೊಂಡೆವು. ಸಿಲಿಂಡರು ಎತ್ತಿ ಚಕ್ರ ತೆಗೆದೆವು. ಸೀಟಿನ ಹತ್ತಿರ ಹೋದರೆ ಅಮ್ಮ ಅದರ ಮೇಲೆ ಕೂತಿದ್ದಳು.

‘ಏಳಮ್ಮ, ಆರ್‌ಟಿಒಗೆ ತೋರಿಸಬೇಕು.’

‘ನಾನ್ಯಾಕೆ ಏಳ್ಲಿ? ಸೀಟು ಎಲ್ಲಿಗೆ ಹೋಗ್ತೈತೋ ನಾನೂ ಅಲ್ಲಿಗೇ.’

ಹಾಗೇ ಆಯಿತು. ಚಿತ್ರದುರ್ಗದ ತನಕ ಅಮ್ಮ ಹಿಂದೆ ಕೂತು, ಇದು ನಮ್ಮ ಪಡಸಾಲೆಗಿಂತ ಚೆನ್ನಾಗಿದೆ, ಕಿಟಕಿಯೂ ಇದೆ ಎಂದು ಹೊಗಳುತ್ತಾ ಬಂದಳು. ಇನ್‌ಸ್ಪೆಕ್ಟರು ಸುತ್ತು ಹಾಕಿದರು, ಚಾಸಿ ನಂಬರು ನೋಡಿದರು, ಗಾಜಿನೊಳಗೆ ಇಣುಕಿದರು. ‘ಅಜ್ಜಿ ಸ್ವಲ್ಪ ಇಳೀತಾರಾ?’ ಎಂದರು. ‘ನಾನು ಒರಿಜಿನಲ್ಲೇ ಕಣಪ್ಪ’ ಎಂದಳು ಅಮ್ಮ. ಅವರು ನಕ್ಕು ಸಹಿ ಹಾಕಿದರು.

ಈಗ ಕಾರಿನಲ್ಲಿ ಹಳೇ ಚಕ್ರಗಳೇ ಇವೆ. ಅಡುಗೆಮನೆಯಲ್ಲಿ ಸಿಲಿಂಡರಿನ ಕೆಳಗೆ ಅಲಾಯ್ ಕೂತಿದೆ, ಫಳಫಳ ಹೊಳೆಯುತ್ತದೆ, ಬಂದವರೆಲ್ಲ ಬಗ್ಗಿ ನೋಡುತ್ತಾರೆ. ಹೆಂಡತಿಯದು ಮಾತ್ರ ಒಂದೇ ದೂರು. ಅದನ್ನು ಹಾಕಿದಾಗಿನಿಂದ ಗ್ಯಾಸಿನ ಮೈಲೇಜು ಇಳಿದಿದೆಯಂತೆ.