ಬಿಡಕಿನ್ ಬಿಸಿಲಿಗೆ ಎಲೆಯ ವಿದ್ಯೆ

ನಿಮ್ಮ ಮಗನಿಗೆ ಬಿಡಕಿನ್‌ನಲ್ಲಿ ಕೆಲಸ ಸಿಗೋ ಹಾಗಿದೆ ಅಂದ್ರಲ್ಲ, ಕೇಳಿ ಖುಷಿಯಾಯ್ತು ಕಣ್ರೀ. ಪರವೂರು ಅಂತ ಕೊರಗಬೇಡಿ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗೋ ದಾರೀಲೇ ಇದೆ. ಪೈಠಣ ಅಂದ್ರೆ ಸಂತ ಏಕನಾಥರ ಊರು. ಹಂಪಿಯಿಂದ ವಿಠ್ಠಲನನ್ನು ಪಂಢರಪುರಕ್ಕೆ ವಾಪಸ್ ಕರೆತಂದರು ಅಂತ ಹೇಳ್ತಾರಲ್ಲ, ಆ ಭಾನುದಾಸರು ಅವರ ಮುತ್ತಜ್ಜ. ಈಗ ನೋಡಿ, ಬೆಂಗಳೂರಿನ ಏಥರ್ ಬಿಡಕಿನ್‌ನಲ್ಲಿ ಸ್ಕೂಟರ್ ಕಾರ್ಖಾನೆ ಕಟ್ತೀವಿ ಅಂತ 2024ರಲ್ಲಿ ಹೇಳ್ತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ ಅದೇ ವರ್ಷ ಸಂಭಾಜಿನಗರದ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು.

ವಾಹನದ ಮಾತು ಬಂತಲ್ಲ, ಇಂಧನಕ್ಕೆ ನೀರಿನಿಂದ ಹೈಡ್ರೋಜನ್ ತೆಗೆಯೋ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಬಿಡಕಿನ್ ಇರೋ, ಕುಡಿಯೋಕೇ ನೀರಿಲ್ಲದ ಮರಾಠವಾಡದಲ್ಲಿ ನೀರನ್ನು ಒಡೆಯೋದುಂಟೇ? 2016ರಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಗಿತ್ತು. ಪೈಠಣದ ಜಾಯಕವಾಡಿ ಜಲಾಶಯಕ್ಕೆ ನಾಸಿಕದ ಕಡೆಯ ಅಣೆಕಟ್ಟುಗಳಿಂದ ನೀರು ಬಿಡಬೇಕೋ ಬೇಡವೋ ಅನ್ನೋ ಜಗಳ ಕೋರ್ಟಿನ ಮೆಟ್ಟಿಲೂ ಹತ್ತಿದೆ. ಆದ್ರೂ ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್. ಹೈಡ್ರೋಜನ್‌ನಿಂದ ಓಡೋ ಟೊಯೋಟಾದ ಮಿರಾಯ್ ಕಾರಿನ ಟ್ಯಾಂಕು ಹಿಡಿಯೋದು 5.6 ಕಿಲೋ, ಅಂದ್ರೆ ಸುಮಾರು 50 ಲೀಟರ್ ನೀರು. ಶುದ್ಧೀಕರಣಕ್ಕೆ, ತಂಪು ಮಾಡೋಕೆ ಇನ್ನಷ್ಟು ಬೇಕು, ಒಪ್ತೀನಿ. ಆದ್ರೆ ನಿಜವಾದ ತೊಡಕು ನೀರಲ್ಲ, ಎಲೆಯ ಹಾಗೆ ಬಿಸಿಲಿನಿಂದಲೇ ಅದನ್ನು ಒಡೆಯೋದು.

ಪೋರ್ಫಿರಿನ್ ಅಂತ ಒಂದು ಅಣು ಇದೆ, ನಾಲ್ಕು ಪೈರೋಲ್ ಉಂಗುರಗಳು ಸೇರಿ ಆದ ದೊಡ್ಡ ಉಂಗುರ. ನಡುವೆ ಕಬ್ಬಿಣ ಕೂತರೆ ನಮ್ಮ ರಕ್ತದ ಕೆಂಪು. ಅದರ ಹತ್ತಿರದ ನೆಂಟ, ನಡುವೆ ಮೆಗ್ನೀಸಿಯಂ ಇಟ್ಟುಕೊಂಡದ್ದು, ಎಲೆಯ ಹಸಿರು. ಎಂಥ ಚೆಂದ ಅಲ್ವಾ! 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆದು ತೋರಿಸಿದರು. ಆದ್ರೆ ಅದು ಹೀರೋದು ಅತಿನೇರಳೆ ಕಿರಣ ಮಾತ್ರ. ಬಿಸಿಲಲ್ಲಿ ಅದರ ಪಾಲು ನೂರಕ್ಕೆ ಐದರಷ್ಟೂ ಇಲ್ಲ. ಕಣ್ಣಿಗೆ ಕಾಣೋ ಬೆಳಕನ್ನು ಪೋರ್ಫಿರಿನ್ ಹಿಡಿಯುತ್ತೆ. ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು ಟೈಟಾನಿಯಂ ಡೈಆಕ್ಸೈಡಿಗೆ, ಅಲ್ಲಿಂದ ಪ್ಲಾಟಿನಂ ಕಣಕ್ಕೆ ಹೋಗಿ ಹೈಡ್ರೋಜನ್ ಗುಳ್ಳೆ ಏಳಿಸುತ್ತೆ.

ಎಲೆಕ್ಟ್ರಾನ್ ಕಳೆದುಕೊಂಡ ಪೋರ್ಫಿರಿನ್‌ಗೆ ಅದನ್ನು ತುಂಬಿಕೊಡೋರು ಯಾರು? ಎಲೆ ಅದನ್ನು ನೀರಿನಿಂದಲೇ ತಗೊಂಡು ಆಮ್ಲಜನಕ ಬಿಡುತ್ತೆ. ಪ್ರಯೋಗಾಲಯದಲ್ಲಿ ಬಹಳ ಸಲ ಟ್ರೈಎಥನಾಲಮೈನ್ ಅನ್ನೋ ರಾಸಾಯನಿಕ ಅಥವಾ ವಿಟಮಿನ್ ಸಿ ಹಾಕ್ತಾರೆ, ಎಲೆಕ್ಟ್ರಾನ್ ಕೊಟ್ಟು ಅದು ಖರ್ಚಾಗಿಹೋಗುತ್ತೆ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲಿ ದುಬಾರಿ ಪ್ಲಾಟಿನಂ ಬದಲು ಮಾಲಿಬ್ಡಿನಂ ಡೈಸಲ್ಫೈಡ್, ಜೊತೆಗೆ ಇಯೋಸಿನ್ ಬಣ್ಣ ಬಳಸಿ ಹೈಡ್ರೋಜನ್ ತೆಗೆದಾಗಲೂ ಟ್ರೈಎಥನಾಲಮೈನ್ ಬೇಕಾಗಿತ್ತು. ಹಾಗಂತ ಆ ಕೆಲಸ ಸಣ್ಣದಲ್ಲ, ಅರ್ಧ ದಾರಿ ಸವೆದಿದೆ. ಆದ್ರೆ ಇನ್ಮೇಲೆ ‘ಬೆಳಕಿನಿಂದ ಹೈಡ್ರೋಜನ್’ ಅಂತ ಸುದ್ದಿ ಬಂದರೆ ನಾನು ಮೊದಲು ಹುಡುಕೋದು, ಆಮ್ಲಜನಕವೂ ಬಂತಾ ಅಂತ. ಒಂದು ಆಮ್ಲಜನಕದ ಅಣುವಿಗೆ ನೀರಿನಿಂದ ನಾಲ್ಕು ಎಲೆಕ್ಟ್ರಾನ್ ಕೀಳಬೇಕು. ಅದೇ ಕಷ್ಟದ ಅರ್ಧ.

ಇನ್ನೊಂದು ಕಷ್ಟ, ಬೆಳಕು ಹಿಡಿಯೋ ಅಣುವನ್ನೇ ಬೆಳಕು ಹಾಳುಮಾಡುತ್ತೆ. ಎಲೆಗೂ ಇದು ತಪ್ಪಿದ್ದಲ್ಲ. ಜೋರು ಬಿಸಿಲಲ್ಲಿ ಡಿ1 ಅನ್ನೋ ಪ್ರೋಟೀನು ಅರ್ಧ ಗಂಟೆಗೊಮ್ಮೆ ಕೆಡುತ್ತೆ, ಎಲೆ ಹಳತು ಕಿತ್ತು ಹೊಸದು ಕೂರಿಸುತ್ತೆ. ಗಾಜಿನ ಪಾತ್ರೆಯಲ್ಲಿರೋ ಪೋರ್ಫಿರಿನ್‌ಗೆ ಆ ರಿಪೇರಿ ಮಾಡೋರು ಇನ್ನೂ ಹುಟ್ಟಬೇಕು.