ಸೂಪಾಯ್ತು, ಊಟ ಯಾವಾಗ?

ಬೆಂಗಳೂರಿನ ಹೋಟೆಲುಗಳಲ್ಲಿ ಸೂಪಿನ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ಕೂತ ಕೂಡಲೇ ಯಾರಾದರೊಬ್ಬರು "ಒನ್ ಬೈ ಟೂ ಟೊಮ್ಯಾಟೊ ಸೂಪ್" ಅನ್ನುತ್ತಾರೆ. ಕಾರ್ನ್‌ಫ್ಲೋರ್ ಹಾಕಿ ಮಂದ ಮಾಡಿದ ಕೆಂಪು ದ್ರವ, ಮೇಲೆ ಕರಿದ ನಾಲ್ಕು ಬ್ರೆಡ್ಡಿನ ಚೂರು ಬರುತ್ತವೆ. ರೋಟಿ ಬರುವ ತನಕ ಮಕ್ಕಳು ಉಪ್ಪಿನ ಡಬ್ಬಿ ಬೋರಲು ಹಾಕದಂತೆ ತಡೆಯುವುದಷ್ಟೇ ಅದರ ಕೆಲಸ. ಬರೀ ಸೂಪು ಕುಡಿದು, ಬಿಲ್ಲು ಕೊಟ್ಟು, ತೇಗಿ ಎದ್ದುಹೋದ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ನಾವಿರುವ ಬಾಸ್ಟನ್ ಕಡೆ ಅಕ್ಟೋಬರ್ ಬಂತೆಂದರೆ ಇದೇ ಸೂಪಿಗೆ ಬಡ್ತಿ ಸಿಕ್ಕಿ, ರಾತ್ರಿಯ ಊಟವಾಗಿ ಕೂತುಬಿಡುತ್ತದೆ. ಮೇಪಲ್ ಎಲೆ ಕೆಂಪಾಗುವುದೇ ತಡ, ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರದೂ ಸೂಪಿನ ವರದಿ. ಭಾನುವಾರ ಒಂದು ಹಂಡೆ ಮಾಡಿಟ್ಟು ಬುಧವಾರದ ತನಕ ಅದನ್ನೇ ಬಿಸಿಮಾಡಿ ಕುಡಿದೆವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಕಡೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೂ ಆಸೆಯಾಯಿತು. ಒಂದು ಪಾತ್ರೆ, ಆಳಿಗೊಂದು ಬಟ್ಟಲು. ಪಲ್ಯವಿಲ್ಲ, ಕೋಸಂಬರಿಯಿಲ್ಲ, ಹಪ್ಪಳ ಸುಡುವ ಗೋಜಿಲ್ಲ. ಆದರೆ ಆ ವರ್ಷ ಅತ್ತೆ ಬಂದಿದ್ದರು.

ಬಟರ್‌ನಟ್ ಸ್ಕ್ವಾಷ್ ಎಂಬ ಕಾಯಿಯನ್ನು ತಂದೆ. ಚರ್ಮದ ಬಣ್ಣ ಪೇಲವ, ಕತ್ತು ಉದ್ದ, ಬುಡ ದಪ್ಪ. ಅತ್ತೆ ತಟ್ಟಿ, ತಿರುಗಿಸಿ ನೋಡಿ, "ಇದು ನಮ್ಮ ಸಿಹಿಗುಂಬಳ ಕಣಮ್ಮ, ಇಲ್ಲಿಗೆ ಬಂದು ಸೊಂಟ ಸಣ್ಣ ಮಾಡ್ಕೊಂಡಿದೆ" ಅಂದರು. ಅವರ ಮಾತು ನಿಜವೇ. ಎರಡೂ ಒಂದೇ ಜಾತಿಯ ಬಳ್ಳಿಯವು. ಈ ಸೊಂಟವನ್ನು ತಿದ್ದಿದವನು 1940ರ ದಶಕದಲ್ಲಿ ನಮ್ಮದೇ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟೋ ಎಂಬ ಊರಿನಲ್ಲಿದ್ದ ಚಾರ್ಲ್ಸ್ ಲೆಗೆಟ್. ಹೀಗೆ ದೂರದ ನೆಂಟಸ್ತಿಕೆ ಪತ್ತೆಯಾದ ಮೇಲೆ, ಆ ಕಾಯಿಯ ಯೋಗಕ್ಷೇಮವೆಲ್ಲ ಅತ್ತೆಯದೇ ಆಯಿತು.

ಅದರ ಸಿಪ್ಪೆ ಹೆರೆಯುವುದಿದೆಯಲ್ಲ, ಅದು ಬೇಡ. ಹಸಿ ಕಾಯಿಯ ಸೊನೆ ಅಂಗೈಗೆ ಮೆತ್ತಿಕೊಂಡು ಒಣಗಿ ಚರ್ಮ ಬಿಗಿಯುತ್ತದೆ. ಎಷ್ಟು ತೊಳೆದರೂ ಹೋಗದು. ಉದ್ದಕ್ಕೆ ಎರಡು ಹೋಳು ಮಾಡಿ, ಬೀಜ ತೆಗೆದು, ಎಣ್ಣೆ ಸವರಿ, ಒಂದು ಈರುಳ್ಳಿ, ಸಿಪ್ಪೆ ಬಿಡಿಸದ ಬೆಳ್ಳುಳ್ಳಿಯ ಜೊತೆ 400 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಮುಕ್ಕಾಲು ಗಂಟೆ ಮಲಗಿಸಿದರೆ ಸಾಕು. ಅಂಚು ಕಂದಿ, ತಿರುಳು ಚಮಚಕ್ಕೇ ಎದ್ದು ಬರುತ್ತದೆ. ಆ ಹೊತ್ತಿಗೆ ಮನೆ ತುಂಬ ಘಮ. ಅತ್ತೆಯೂ ಅಲ್ಲಿಯವರೆಗೆ ತೃಪ್ತರಾಗಿಯೇ ಇದ್ದರು.

ಅಷ್ಟರಲ್ಲಿ ನಾನು ವೆಜಿಟೆಬಲ್ ಸ್ಟಾಕ್ ಪೊಟ್ಟಣ ತೆಗೆದೆ. ಕ್ಯಾರೆಟ್, ಸೆಲರಿ, ಈರುಳ್ಳಿ ಬೇಯಿಸಿ ಸೋಸಿದ 32 ಔನ್ಸ್ ನೀರು.

"ತರಕಾರಿ ಬೇಯಿಸಿದ ನೀರಿಗೆ ದುಡ್ಡು ಕೊಟ್ಯಾ?"

"ಹೂಂ ಅತ್ತೆ."

"ನಮ್ಮನೇಲಿ ಇದನ್ನ ಹಸೂಗೆ ಹಾಕ್ತಿದ್ವಿ."

ಅಂದವರೇ ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟು, ಕಟ್ಟು ಬಸಿದು ನನ್ನ ಮುಂದಿಟ್ಟರು. ಪೊಟ್ಟಣ ಫ್ರಿಜ್ಜಿಗೆ ಹೋಯಿತು. ಸುಳ್ಳೇಕೆ ಹೇಳಲಿ, ಕಟ್ಟು ಹಾಕಿದ ಸೂಪಿಗೆ ಬಂದ ಮೈಕಟ್ಟು ಆ ಪೊಟ್ಟಣದ ನೀರಿಗೆ ಏಳು ಜನ್ಮಕ್ಕೂ ಬರದು. ಒಂದಿಷ್ಟು ಶುಂಠಿ, ಕುಟ್ಟಿದ ಮೆಣಸು, ಉಪ್ಪು. ಎಲ್ಲವನ್ನೂ ಕೈಬ್ಲೆಂಡರಿನಿಂದ ಪಾತ್ರೆಯಲ್ಲೇ ನುಣ್ಣಗೆ ಮಾಡಿದೆ. (ಕುದಿಯುವ ಸೂಪನ್ನು ಮಿಕ್ಸಿಗೆ ಸುರಿದು ಮುಚ್ಚಳ ಒತ್ತಿ ಹಿಡಿಯುವ ಸಾಹಸ ಬೇಡ, ಹಬೆ ಮುಚ್ಚಳವನ್ನೇ ಎತ್ತಿ ಒಗೆಯುತ್ತದೆ.) ಸೂಪು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಸಾಸಿವೆ ಸಿಡಿದ ಸದ್ದು. ಇಂಗು, ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಬಿತ್ತು. ಹೊಗೆಯ ಅಲಾರಾಂ ಮನೆಯೆಲ್ಲ ಕೂಗಿಕೊಂಡಿತು. ನಮ್ಮೆಜಮಾನರು ಕುರ್ಚಿ ಹತ್ತಿ ಟವೆಲ್ ಬೀಸುತ್ತ, "ವಾಸನೆ ಚೆನ್ನಾಗಿದೆ ಕಣಮ್ಮ" ಅಂದರು.

ಎಲ್ಲರೂ ಬಟ್ಟಲು ಬರಿದು ಮಾಡಿದರು. ಅತ್ತೆ ಬಾಯಿ ಒರೆಸಿಕೊಂಡು, "ಚೆನ್ನಾಗಿತ್ತಮ್ಮ. ಊಟ ಯಾವಾಗ?" ಅಂದರು. ನಮ್ಮೆಜಮಾನರಾದರೂ ನನ್ನ ಕಡೆ ಇರುತ್ತಾರೆಂದುಕೊಂಡಿದ್ದೆ. ಒಂಬತ್ತು ಗಂಟೆಗೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಹೋಗಿ ನೋಡಿದರೆ ದೀಪ ಹಾಕದೆ ಮೊಸರನ್ನ ಕಲಸುತ್ತಿದ್ದಾರೆ.

ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಳ್ಳಿದ ಮೇಲಂತೂ ನನ್ನ ಯೋಜನೆ ನೆಲಕಚ್ಚಿತು. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ, ಅತ್ತೆ ದೇವರ ದೀಪ ಹಚ್ಚುತ್ತಿದ್ದರು. ದೀಪ ಹಚ್ಚಿದ ಮೇಲೆ ಹಸಿವು, ಐದೂವರೆಗೆ ಸೂಪು. ಎಂಟಕ್ಕೆ ಅನ್ನ, ಹುಳಿ, ಮಜ್ಜಿಗೆ. ಕೆಲಸ ಉಳಿಸಲು ಹೊರಟವಳಿಗೆ ದಿನಕ್ಕೊಂದು ಅಡುಗೆ ಹೆಚ್ಚಾಯಿತು.

ಈ ನಾಡಿನವರೂ ಸೂಪಿನ ವಿಷಯದಲ್ಲಿ ಸಾಧುಗಳೇನಲ್ಲ. ಇಲ್ಲಿ ಕ್ಲ್ಯಾಮ್ ಚೌಡರ್ ಎಂಬ ಚಿಪ್ಪುಮೀನಿನ ಸೂಪಿದೆ, ಹಾಲು ಕೆನೆ ಹಾಕಿ ಮಾಡುವಂಥದ್ದು. ನ್ಯೂಯಾರ್ಕಿನ ಮ್ಯಾನ್‌ಹಟ್ಟನ್ನಿನ ಹೆಸರಲ್ಲಿ ಅದಕ್ಕೆ ಟೊಮ್ಯಾಟೊ ಹಾಕುವವರಿದ್ದಾರೆ. ಅದನ್ನು ಸಹಿಸಲಾರದೆ 1939ರಲ್ಲಿ ಹತ್ತಿರದ ಮೇಯ್ನ್ ರಾಜ್ಯದ ಶಾಸಕನೊಬ್ಬ ಚೌಡರಿಗೆ ಟೊಮ್ಯಾಟೊ ಹಾಕುವುದನ್ನೇ ನಿಷೇಧಿಸುವ ಮಸೂದೆ ತಂದ. ಇದನ್ನು ಕೇಳಿ ಅತ್ತೆಗೆ ಅಮೆರಿಕದ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಸಾರಿಗೆ ಬೆಲ್ಲ ಹಾಕುವ ಉಡುಪಿಯವರಿಗೂ ಹಾಕದ ನಮ್ಮ ಹಾಸನದವರಿಗೂ ಕನ್ನಡ ಕೂಟದ ಪಾಟ್‌ಲಕ್‌ನಲ್ಲಿ ಮಾತು ಬೆಳೆದಾಗಲೆಲ್ಲ, "ಇದಕ್ಕೊಂದು ಕಾನೂನು ಬೇಕು" ಅನ್ನತೊಡಗಿದರು.

ಪಕ್ಕದ ಮನೆಯಾಕೆ ವಯಸ್ಸಾದವರು. ನಾವು ಸಸ್ಯಾಹಾರಿಗಳೆಂದು ನೆನಪಿಟ್ಟುಕೊಂಡು, ಒಂದು ಶನಿವಾರ ಡಬ್ಬಿಯಲ್ಲಿ ಮಿನೆಸ್ಟ್ರೋನೆ ತಂದುಕೊಟ್ಟರು. ಕಾಳು, ಕ್ಯಾರೆಟ್, ಬೀನ್ಸ್, ಟೊಮ್ಯಾಟೊ, ಅಡಿಯಲ್ಲಿ ಗಿಡ್ಡ ಪಾಸ್ತಾ. ಅತ್ತೆ ಸೌಟಿನಲ್ಲಿ ಎತ್ತಿ ಎತ್ತಿ ನೋಡಿದರು. "ಪಾಪ, ಬಿಸಿಬೇಳೆಭಾತ್ ಮಾಡೋಕೆ ಹೊರಟು ಅನ್ನ ಹಾಕೋದನ್ನೇ ಮರೆತಿದ್ದಾಳೆ." ಆ ಕೊರತೆಯನ್ನು ಅವರೇ ತುಂಬಿ, ತುಪ್ಪ ಹಾಕಿ, ನಮಗೆಲ್ಲ ಬಡಿಸಿದರು.

ತಂದವರ ಡಬ್ಬಿ ಖಾಲಿ ಹಿಂದಿರುಗಿಸುವುದುಂಟೇ? ಅದರ ತುಂಬ ಮೆಣಸಿನ ಸಾರು ಹೋಯಿತು. ಮರುದಿನ ಎಲೆ ಗುಡಿಸುತ್ತಿದ್ದ ಆಕೆ ನನ್ನನ್ನು ಕರೆದು, ಇಂಥ ಸೂಪು ಜನ್ಮದಲ್ಲಿ ಕುಡಿದಿರಲಿಲ್ಲ, ಮಗ್ಗಿಗೆ ಹಾಕಿಕೊಂಡು ಅಷ್ಟನ್ನೂ ಮುಗಿಸಿದೆ ಅಂದರು. ಒಳಗೆ ಬಂದು ವರದಿ ಒಪ್ಪಿಸಿದೆ.

ಅತ್ತೆ ಗಾಬರಿಯಾದರು. "ಬರೀ ಹೊಟ್ಟೆಗಾ? ಅಯ್ಯೋ, ಅನ್ನ ಕಳಿಸಲೇ ಇಲ್ವಲ್ಲೇ ನಾವು!"

ಆಗಲೇ ಸೋನಾ ಮಸೂರಿ ತೊಳೆದರು. ಮಗಳ ಕೈಯಲ್ಲಿ ಬಿಸಿ ಅನ್ನ ಆಚೆಮನೆಗೆ ಹೋಯಿತು. ಹೋದವಳು ಹತ್ತು ನಿಮಿಷಕ್ಕೆ ಖಾಲಿ ಸಾರಿನ ಡಬ್ಬಿ ಹಿಡಿದು ವಾಪಸ್ ಬಂದಳು.

"ಅಜ್ಜಿ, ಥ್ಯಾಂಕ್ಸ್ ಅಂದ್ರು. ರೈಸ್ ಬಂತು, ಸೂಪ್ ಎಲ್ಲಿ ಅಂತ ಕೇಳ್ತಿದಾರೆ."

ಅತ್ತೆ ಹುಣಸೆಹಣ್ಣು ನೆನೆಹಾಕಿದರು.